ಎಂಜಿನ್ನಿನ ದಮ್ಮು: ಹಳೆ ಫಿಯಟ್ಟಿಗೆ ಗೇಜ್ ಹಚ್ಚುವ ಮುಂಚೆ ಒಂದಿಷ್ಟು ಇತಿಹಾಸ

ಮುಂಬಯಿಯಲ್ಲಿ ಹಳೆ ಫಿಯಟ್ ಇಟ್ಟುಕೊಂಡ ಇಬ್ಬರು ಸೇರಿದರೆ, ಮಾತು ಮಳೆಯಿಂದ ಶುರುವಾಗಲಿ, ರಾಜಕೀಯದಿಂದ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. "ಕಂಪ್ರೆಶನ್ ಹೇಗಿದೆ?" ಇದು ಅವರ ಲೋಕದ ಕುಶಲ ಪ್ರಶ್ನೆ. ಕಂಪ್ರೆಶನ್ ಚೆನ್ನಾಗಿದ್ದರೆ ಗಾಡಿಗೆ ದಮ್ಮಿದೆ ಅಂತ ಲೆಕ್ಕ. ಇಲ್ಲದಿದ್ದರೆ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಕ್ರೋಮ್ ಬಂಪರ್ ಎಷ್ಟೇ ಮಿಂಚುತ್ತಿರಲಿ, ಎಲ್ಲ ಮೇಲಿನ ಶೋಕಿ ಅಷ್ಟೇ.

ಈ ಕಂಪ್ರೆಶನ್ ಎಂಬುದನ್ನು ಮನೆಯಲ್ಲೇ, ಒಂದು ಸಣ್ಣ ಗೇಜ್ ಹಿಡಿದು ಅಳೆಯಬಹುದು. ಇಬ್ಬರು ಇದ್ದರೆ ಸಾಕು, ಒಂದು ಭಾನುವಾರದ ಬೆಳಿಗ್ಗೆಯ ಕೆಲಸ. ಕಷ್ಟ ಅಳೆಯುವುದರಲ್ಲಿಲ್ಲ. ಬಂದ ಅಂಕಿಯನ್ನು ಓದುವುದರಲ್ಲಿದೆ. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಆದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಅಂಕಿಗಳ ಜೊತೆ ಬದುಕಿದವನಿಗೆ ಒಂದು ವಿಷಯ ಗೊತ್ತಿರುತ್ತದೆ: ಹಿನ್ನೆಲೆ ತಿಳಿಯದೆ ಓದಿದ ಅಂಕಿಯಷ್ಟು ಅಪಾಯಕಾರಿ ಇನ್ನೊಂದಿಲ್ಲ. ಹಾಗಾಗಿ ಗೇಜ್ ಹಿಡಿಯುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ, ಬನ್ನಿ.

ಒತ್ತದೇ ಉರಿಸುತ್ತಿದ್ದ ಕಾಲ

ಎಂಜಿನ್ ಒಳಗೆ ನಡೆಯುವುದು ಇಷ್ಟು: ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣ ಸಿಲಿಂಡರಿಗೆ ಬರುತ್ತದೆ, ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ, ಕಿಡಿ ಹಾರುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಆಮೇಲೆ ಹೊಗೆ ಹೊರಗೆ ಹೋಗುತ್ತದೆ. ಇದರಲ್ಲಿ ಆ "ಒತ್ತುವುದು" ಇದೆಯಲ್ಲ, ಅದೇ ಕಂಪ್ರೆಶನ್. ನಮಗಿಂದು ಅದು ಸಹಜ ಅನ್ನಿಸುತ್ತದೆ. ಆದರೆ ಮೊದಲ ಎಂಜಿನ್ನುಗಳಲ್ಲಿ ಅದು ಇರಲೇ ಇಲ್ಲ!

1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾರ್ ಎಂಬಾತ ಕಲ್ಲಿದ್ದಲ ಗ್ಯಾಸಿನಿಂದ ಓಡುವ ಎಂಜಿನ್ ಮಾಡಿದ. ಅದರಲ್ಲಿ ಮಿಶ್ರಣವನ್ನು ಒತ್ತದೆ ಹಾಗೇ ಉರಿಸುತ್ತಿದ್ದರು. ಓಡಿತೇನೋ ಓಡಿತು, ಆದರೆ ಗ್ಯಾಸ್ ಕುಡಿಯುವುದರಲ್ಲಿ ಮಹಾ ಹೊಟ್ಟೆಬಾಕ. 1862ರಲ್ಲಿ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಬೋ ದ ರೋಶಾ, ಉರಿಸುವ ಮುಂಚೆ ಒತ್ತಬೇಕು, ಕೆಲಸ ನಾಲ್ಕು ಹಂತದಲ್ಲಿ ನಡೆಯಬೇಕು ಎಂದು ಕಾಗದದ ಮೇಲೆ ಬರೆದು ಪೇಟೆಂಟ್ ಪಡೆದ. ಎಂಜಿನ್ ಮಾತ್ರ ಕಟ್ಟಲಿಲ್ಲ. ಕಟ್ಟಿ ಓಡಿಸಿ ತೋರಿಸಿದವನು ಜರ್ಮನಿಯ ನಿಕೊಲಾಸ್ ಆಟೋ, 1876ರಲ್ಲಿ. ಇಂದಿಗೂ ಆ ನಾಲ್ಕು ಹಂತಗಳ ಚಕ್ರಕ್ಕೆ ಆಟೋ ಸೈಕಲ್ ಎಂದೇ ಹೆಸರು.

ಹಳೆಯ ಫ್ರೆಂಚ್ ಕಾಗದ ಸಿಕ್ಕಿದ್ದರಿಂದ 1886ರ ಜನವರಿಯಲ್ಲಿ ಆಟೋನ ಪೇಟೆಂಟನ್ನು ಜರ್ಮನ್ ನ್ಯಾಯಾಲಯ ರದ್ದು ಮಾಡಿತು. ಅದೇ ತಿಂಗಳು ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಆ ಗಾಡಿಯ ಎಂಜಿನ್ 954 ಸಿ.ಸಿ., ಒಂದೇ ಸಿಲಿಂಡರ್, ಶಕ್ತಿ ಒಂದು ಅಶ್ವಶಕ್ತಿಗೂ ಕಡಿಮೆ. ಕಂಪ್ರೆಶನ್ ಅನುಪಾತ ಮೂರಕ್ಕಿಂತ ಕಡಿಮೆ. ಅಂದರೆ ಮೂರು ಲೋಟ ಗಾಳಿಯನ್ನು ಒಂದು ಲೋಟಕ್ಕೆ ಒತ್ತುವಷ್ಟೂ ಇರಲಿಲ್ಲ.

ಹೆಚ್ಚು ಒತ್ತಿದರೆ ಏನು ಲಾಭ? ಪುಸ್ತಕದ ಲೆಕ್ಕದಲ್ಲಿ, ಅನುಪಾತ 4 ಇದ್ದರೆ ಇಂಧನದ ಶಾಖದಲ್ಲಿ ಶೇ. 43ರಷ್ಟು ಕೆಲಸವಾಗಬಹುದು, 7 ಇದ್ದರೆ ಶೇ. 54, 10 ಇದ್ದರೆ ಶೇ. 60. ನಿಜವಾದ ಎಂಜಿನ್ನಿನಲ್ಲಿ ಇದರ ಅರ್ಧವೂ ಸಿಕ್ಕರೆ ಪುಣ್ಯ. ಆದರೂ ದಿಕ್ಕು ಸ್ಪಷ್ಟ. ಅದೇ ಪೆಟ್ರೋಲಿಗೆ ಹೆಚ್ಚು ಬಡ್ಡಿ ಬರುತ್ತದೆ ಎಂದಾದರೆ ಯಾರು ಬಿಟ್ಟಾರು?

ಬಿಡಿಸಿದ್ದು ಪೆಟ್ರೋಲ್

ಆದರೂ 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಅನುಪಾತ ನಾಲ್ಕೂವರೆ ಇದ್ದದ್ದು, ಆಮೇಲಿನ ವರ್ಷಗಳಲ್ಲಿ ಏರುವ ಬದಲು ನಾಲ್ಕಕ್ಕೆ ಇಳಿಯಿತು! ಕಾರಣ ಆ ಕಾಲದ ಪೆಟ್ರೋಲ್. ಕಾರುಗಳು ಹೆಚ್ಚಿದ ಹಾಗೆ ಪೆಟ್ರೋಲಿನ ಗುಣ ಇಳಿಯುತ್ತಿತ್ತು. ಅಂಥ ಪೆಟ್ರೋಲನ್ನು ಜಾಸ್ತಿ ಒತ್ತಿದರೆ ಹದವಾಗಿ ಉರಿಯದೆ ಒಳಗೆ ಪಟಪಟ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಪಿಸ್ಟನ್ನಿನ ತಲೆ ತೂತಾಗುವವರೆಗೂ ಇದು ಹೋಗಬಹುದು.

ಇದಕ್ಕೆ ಮದ್ದು ಹುಡುಕುತ್ತಾ ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿ ನೋಡಿದ. ನಾಕಿಂಗ್ ನಿಂತೇ ಹೋಯಿತು. 1923ರಲ್ಲಿ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು. ಸೀಸ ವಿಷ ಎಂಬುದು ಆಗಲೇ ಗೊತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯ ರಿಫೈನರಿಯೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಆದರೂ ಜಗತ್ತು ಅದನ್ನು ಬಿಡಲು ದಶಕಗಳೇ ಹಿಡಿದವು. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, 2000ದ ಫೆಬ್ರುವರಿಯಿಂದ ದೇಶಕ್ಕೆಲ್ಲ ಅದೇ ಆಯಿತು. ಲೋಕದಲ್ಲಿ ಕೊನೆಯದಾಗಿ ಅಲ್ಜೀರಿಯಾ ಕಾರುಗಳಿಗೆ ಸೀಸದ ಪೆಟ್ರೋಲ್ ನಿಲ್ಲಿಸಿದ್ದು 2021ರಲ್ಲಿ.

ಪೆಟ್ರೋಲಿನ ಗುಣ ಸುಧಾರಿಸಿದಂತೆಲ್ಲ ಅನುಪಾತವೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. 1953ರಲ್ಲಿ ಇಟಲಿಯಲ್ಲಿ ಬಂದ ಫಿಯಟ್ 1100-103ರದ್ದು 6.7. ನಮ್ಮ ಪದ್ಮಿನಿಯದ್ದು ಏಳು ಚಿಲ್ಲರೆ. 1983ರಲ್ಲಿ ಬಂದ ಮಾರುತಿ 800ರದ್ದು ಎಂಟೂವರೆ ದಾಟಿತ್ತು. ಇಂದಿನ ಪೆಟ್ರೋಲ್ ಕಾರುಗಳದ್ದು ಸಾಮಾನ್ಯವಾಗಿ 10ರಿಂದ 12. ಈ ಮೆಟ್ಟಿಲುಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕುರ್ಲಾದ ಫಿಯಟ್ ಮತ್ತು ನಮ್ಮ ವಿಶ್ವೇಶ್ವರಯ್ಯ

ಮುಂಬಯಿಯ ಫಿಯಟ್ಟಿಗೂ ಕನ್ನಡ ನಾಡಿಗೂ ಒಂದು ನಂಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕು ಎಂದು 1930ರ ದಶಕದಲ್ಲಿ ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇದರಲ್ಲಿ ಜೊತೆಗಿದ್ದರು. ಮೈಸೂರು ಸಂಸ್ಥಾನವೂ ಬೆಂಬಲಕ್ಕೆ ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗದೆ ಮೈಸೂರಿನ ಕಾರು ಮೈಸೂರಿನಲ್ಲೇ ನಿಂತಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. ಕುರ್ಲಾದ ಆ ಕಾರ್ಖಾನೆಯಿಂದಲೇ 1950ರ ದಶಕದಲ್ಲಿ ಫಿಯಟ್ 1100 ಹೊರಬರತೊಡಗಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು.

ಇದರ ಎಂಜಿನ್ ಸರಳ: ನಾಲ್ಕು ಸಿಲಿಂಡರ್, 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ಒಟ್ಟು 1089 ಸಿ.ಸಿ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಇದೇ ಎಂಜಿನ್ ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿತು. 2000ದ ದಶಕದಲ್ಲಿ ಸಿ.ಎನ್.ಜಿ.ಯನ್ನೂ ಕುಡಿದು ಓಡಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಈಗ ಉಳಿದಿರುವುದು ಮನೆಗಳಲ್ಲಿ ಪ್ರೀತಿಯಿಂದ ಇಟ್ಟುಕೊಂಡವು ಮಾತ್ರ.

ಹ್ಯಾಂಡಲ್ ಎಂಬ ಮೊದಲ ಗೇಜ್

ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಆಸೆ ಪೆಟ್ರೋಲ್ ಎಂಜಿನ್ನಿಗಿಂತ ಹಳೆಯದು. ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್ 1796ರಲ್ಲಿ ಉಗಿ ಎಂಜಿನ್ನಿನ ಒತ್ತಡವನ್ನು ಪೆನ್ಸಿಲಿನಿಂದ ಕಾಗದದ ಮೇಲೆ ತಾನೇ ಬರೆದುಕೊಳ್ಳುವ ಉಪಕರಣ ಮಾಡಿದ್ದ. ವ್ಯಾಪಾರದ ಗುಟ್ಟೆಂದು ಅದನ್ನು ವರ್ಷಗಟ್ಟಲೆ ಬಚ್ಚಿಟ್ಟಿದ್ದರು.

ಕಾರಿನ ವಿಷಯದಲ್ಲಿ ಮೊದಲ ಗೇಜ್ ಎಂದರೆ ಮನುಷ್ಯನ ಕೈ. ಸೆಲ್ಫ್ ಸ್ಟಾರ್ಟರ್ ಬಂದದ್ದು 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ, ಚಾರ್ಲ್ಸ್ ಕೆಟರಿಂಗ್‌ನ ಕೈಚಳಕದಿಂದ. ಅದಕ್ಕೂ ಮುಂಚೆ ಎಲ್ಲರೂ ಹ್ಯಾಂಡಲ್ ತಿರುಗಿಸಿಯೇ ಗಾಡಿ ಎಬ್ಬಿಸಬೇಕಿತ್ತು. ದಿನಾ ಬೆಳಿಗ್ಗೆ ಹ್ಯಾಂಡಲ್ ಹೊಡೆಯುವವನಿಗೆ ಯಾವ ಸಿಲಿಂಡರ್ ಗಟ್ಟಿ, ಯಾವುದು ಸಡಿಲ ಎಂಬುದು ಅಂಗೈಗೇ ತಿಳಿಯುತ್ತಿತ್ತು. ನಮ್ಮಲ್ಲಿ ಅಂಬಾಸಿಡರ್, ಫಿಯಟ್ ಎರಡಕ್ಕೂ ಹ್ಯಾಂಡಲ್ ಇತ್ತು. ಬ್ಯಾಟರಿ ಕೈಕೊಟ್ಟ ಬೆಳಿಗ್ಗೆ ಅದರ ಉಪಕಾರ ಕಂಡವರಿಗೇ ಗೊತ್ತು.

ಈಗಲೂ ಅದು ಒಳ್ಳೆಯ ಮೊದಲ ಪರೀಕ್ಷೆ. ಇಗ್ನಿಶನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹ್ಯಾಂಡಲ್ ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲ್ ಸುತ್ತುವುದು ಬೇಡ. ಹಿಂದೊಗೆತಕ್ಕೆ ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಕಡಿಮೆಯಿಲ್ಲ. ಎರಡು ಪೂರ್ತಿ ಸುತ್ತಿಗೆ ನಾಲ್ಕು ಸಲ ಬಿಗಿಯಾಗಬೇಕು, ನಾಲ್ಕೂ ಒಂದೇ ಸಮನಾಗಿರಬೇಕು. ಮೂರು ಬಿಗಿ, ಒಂದು ಸಡಿಲ ಎಂದರೆ ಗೇಜ್ ಕೊಳ್ಳುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿತು.

ಈಗ ಗೇಜ್

ಕ್ರಮ ಹೀಗಿದೆ. ಮೊದಲು ಟ್ಯಾಪೆಟ್ ಗ್ಯಾಪ್ ಸರಿಯಿದೆಯೇ ನೋಡಿ. ಗ್ಯಾಪ್ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಎಂಥ ಒಳ್ಳೆಯ ಎಂಜಿನ್ ಆದರೂ ಸೋರುತ್ತದೆ. ಎಂಜಿನ್ ಓಡಿಸಿ ಬೆಚ್ಚಗೆ ಮಾಡಿ. ಬೆಚ್ಚಗೆ ಎಂದರೆ ಕಾದ ಕಾವಲಿಯಲ್ಲ. ಅಲ್ಯೂಮಿನಿಯಂ ಹೆಡ್ ವಿಪರೀತ ಬಿಸಿಯಿದ್ದಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ವೈರುಗಳಿಗೆ ನಂಬರ್ ಚೀಟಿ ಅಂಟಿಸಿ ನಾಲ್ಕೂ ಪ್ಲಗ್ ತೆಗೆಯಿರಿ. ಕಾಯಿಲಿನ ಸಣ್ಣ ವೈರ್ ಕಳಚಿ, ಕಿಡಿ ಬರಬಾರದು. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ, ಆದ್ದರಿಂದ ಹತ್ತಿರ ಬೀಡಿ ಸಿಗರೇಟು ಹಚ್ಚುವವರನ್ನು ದೂರ ಕಳಿಸಿ.

ಗೇಜನ್ನು ಮೊದಲ ಸಿಲಿಂಡರಿಗೆ ಕೈಯಲ್ಲೇ ತಿರುಗಿಸಿ ಕೂರಿಸಿ. ಒಳಗೆ ಕುಳಿತವರು ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಗಾಳಿ ಬರದೆ ಅಂಕಿ ಸುಳ್ಳೇ ಇಳಿಯುತ್ತದೆ. ಸ್ಟಾರ್ಟರ್ ಕೊಟ್ಟು ಮುಳ್ಳು ಆರು ಸಲ ನೆಗೆಯುವವರೆಗೆ ತಿರುಗಿಸಿ. ಪ್ರತಿ ಸಿಲಿಂಡರಿಗೂ ಆರೇ ಸಲ. ಬ್ಯಾಟರಿ ತುಂಬಿರಬೇಕು, ಅರ್ಧದಲ್ಲಿ ಸುಸ್ತಾದರೆ ನಾಲ್ಕನೆಯ ಸಿಲಿಂಡರಿಗೆ ಅನ್ಯಾಯ. ಮೊದಲ ನೆಗೆತ ಎಷ್ಟು, ಕೊನೆಗೆ ಎಷ್ಟು, ಎರಡನ್ನೂ ಬರೆದಿಡಿ. ಮೊದಲೇ ಜೋರಾಗಿ ಏರಿದರೆ ಆರೋಗ್ಯ. ಮೊದಲು ಕಡಿಮೆಯಿದ್ದು ಮೆಲ್ಲ ಮೆಲ್ಲ ಏರಿದರೆ ರಿಂಗ್ ಸವೆದಿರುವ ಸೂಚನೆ.

ಯಾವುದಾದರೂ ಒಂದು ಕಡಿಮೆ ಬಂದರೆ, ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಎಣ್ಣೆ ರಿಂಗ್ ಸುತ್ತ ಕೂತು ಸೋರಿಕೆಯನ್ನು ತುಸು ಹೊತ್ತು ತಡೆಯುತ್ತದೆ. ಅಂಕಿ ಏರಿತೇ? ತೊಂದರೆ ರಿಂಗ್ ಅಥವಾ ಬೋರಿನಲ್ಲಿ. ಏರಲಿಲ್ಲವೇ? ವಾಲ್ವ್ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಅಂಕಿಯನ್ನು ಓದುವುದು

ಇಲ್ಲಿಗೆ ಬಂದೆವಲ್ಲ, ಈಗ ಆ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಿ.

ಮಾಟುಂಗಾದ ನನ್ನ ಗೆಳೆಯರೊಬ್ಬರ ಹತ್ತಿರ ಐವತ್ತರ ದಶಕದ ಫಿಯಟ್ ಒಂದಿದೆ. ಗಾಡಿ ಸ್ವಲ್ಪ ಮಂಕಾಯಿತೆಂದು ಒಂದು ಗ್ಯಾರೇಜಿಗೆ ಕೊಟ್ಟರು. ಅಲ್ಲಿಯ ಹುಡುಗ ಗೇಜ್ ಹಚ್ಚಿ, "ಸಾಬ್, ನೂರಾ ಹತ್ತೇ ಬರ್ತಾ ಇದೆ. ನೂರಾ ಅರವತ್ತು ಬರಬೇಕು. ಎಂಜಿನ್ ಖತಮ್, ಬೋರ್ ಮಾಡಿಸಿ" ಎಂದ. ಅವನು ಸುಳ್ಳು ಹೇಳಲಿಲ್ಲ. ಅವನು ಬೆಳೆದದ್ದೇ ಈಗಿನ ಕಾರುಗಳ ನಡುವೆ, ಅವಕ್ಕೆ 160 ಸರಿಯೇ. ಆದರೆ ಆ ಫಿಯಟ್ಟಿಗೆ ಹುಟ್ಟಿದಾಗಲೂ 160 ಇರಲಿಲ್ಲ! 6.7 ಅನುಪಾತದ ಎಂಜಿನ್ ಒಳ್ಳೆಯ ಸ್ಥಿತಿಯಲ್ಲೂ ಹೆಚ್ಚೂಕಡಿಮೆ 110ರಿಂದ 130 ಪಿ.ಎಸ್.ಐ. ತೋರಿಸುತ್ತದೆ. ಮಾಡೆಲ್ ಟಿ ಆದರೆ 60 ಬಂದರೂ ಹಬ್ಬ. ಗೆಳೆಯರ ಗಾಡಿಯ ನಾಲ್ಕೂ ಸಿಲಿಂಡರುಗಳನ್ನು ಮನೆಯಲ್ಲಿ ಅಳೆದಾಗ ಬಂದದ್ದು 112, 110, 108, 112. ಅಣ್ಣತಮ್ಮಂದಿರ ಹಾಗೆ ಸಮ! ತೊಂದರೆಯಿದ್ದದ್ದು ಸವೆದ ಪಾಯಿಂಟ್ ಮತ್ತು ಹಳೆಯ ಪ್ಲಗ್ಗುಗಳಲ್ಲಿ. ಬೋರ್ ಮಾಡಿಸುವುದು ತಪ್ಪಿತು.

ತಪ್ಪಿದ್ದು ದುಡ್ಡು ಮಾತ್ರ ಅಲ್ಲ. ಬೋರ್ ಮಾಡುವುದೆಂದರೆ ಸಿಲಿಂಡರಿನ ಗೋಡೆಯನ್ನು ಕೆರೆದು ದೊಡ್ಡದು ಮಾಡಿ, ದೊಡ್ಡ ಪಿಸ್ಟನ್ ಹಾಕುವುದು. 68 ಮಿಲಿಮೀಟರಿನ ಬೋರನ್ನು ಕೆಲವೇ ಸಲ ಹೀಗೆ ದೊಡ್ಡದು ಮಾಡಬಹುದು, ಕೆರೆದ ಕಬ್ಬಿಣ ಮರಳಿ ಬರುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಬಡ್ಡಿಯಲ್ಲಿ ಮುಗಿಯುವ ಖರ್ಚಿಗೆ ಅಸಲನ್ನೇ ಕರಗಿಸಿದ ಹಾಗೆ.

ಆದ್ದರಿಂದ ನೋಡಬೇಕಾದ್ದು ಎತ್ತರವನ್ನಲ್ಲ, ಸಮತೆಯನ್ನು. ಅತಿ ಕಡಿಮೆ ಸಿಲಿಂಡರ್ ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ಚಿಂತಿಸಿ. ಶೇ. 10ರ ಒಳಗೆ ವ್ಯತ್ಯಾಸ ಇದ್ದರೆ ನೆಮ್ಮದಿಯಾಗಿರಿ. ತೀರಾ ಹೆಚ್ಚು ಬಂದರೂ ಸಂಭ್ರಮ ಬೇಡ. ಒಳಗೆ ಮಸಿ ಕಟ್ಟಿ ಜಾಗ ಕಿರಿದಾಗಿರಬಹುದು, ಇಲ್ಲವೇ ಹಿಂದೆ ಯಾರೋ ಹೆಡ್ ಉಜ್ಜಿಸಿರಬಹುದು.

ಇನ್ನೊಂದು ಮಾತು ಬೆಂಗಳೂರಿನವರಿಗೆ. ಗೇಜ್ ಅಳೆಯುವುದು ಎಂಜಿನ್ ಎಳೆದುಕೊಂಡ ಗಾಳಿಯನ್ನು. ಮುಂಬಯಿ ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಸುಮಾರು ಶೇ. 10 ಕಡಿಮೆ. ಇಲ್ಲಿ 120 ತೋರಿಸಿದ ಗಾಡಿ ಅಲ್ಲಿ 108 ತೋರಿಸಿದರೆ ಎಂಜಿನ್ ಸವೆದಿಲ್ಲ, ಊರು ಎತ್ತರದಲ್ಲಿದೆ ಅಷ್ಟೇ! ಘಟ್ಟ ಹತ್ತಿಸಿ ಊರಿಗೆ ಗಾಡಿ ಒಯ್ದವರು ಇದನ್ನು ಮರೆಯಬಾರದು.

ಕಂಪ್ರೆಶನ್ ನಿಜವಾಗಿಯೂ ಇಳಿಯುವ ಕಾರಣಗಳೂ ಇವೆ. ಸೀಸ ಹೋದ ಮೇಲೆ ಹಳೆಯ ಎಂಜಿನ್ನುಗಳ ಎಕ್ಸಾಸ್ಟ್ ವಾಲ್ವಿನ ಸೀಟಿಗೆ ಅದರ ಲೇಪದ ರಕ್ಷೆ ತಪ್ಪಿತು. ಮೆತ್ತನೆಯ ಸೀಟ್ ಇರುವ ಎಂಜಿನ್ನುಗಳಲ್ಲಿ, ಜೋರಾಗಿ ಓಡಿಸುವವರಲ್ಲಿ, ವಾಲ್ವ್ ಮೆಲ್ಲಗೆ ಒಳಗೆ ಕುಸಿಯುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಆಗಾಗ ಗ್ಯಾಪ್ ನೋಡಿ ಎನ್ನುವುದು ಇದಕ್ಕೇ. ಇನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಆಕ್ಟೇನ್ ಹೆಚ್ಚು, ನಿಜ. ಆದರೆ ಏಳರ ಅನುಪಾತದ ಎಂಜಿನ್ನಿಗೆ ಅದರಿಂದ ಲಾಭವೇನೂ ಇಲ್ಲ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಹಾಳಾಗುವ ಭಯ ಮಾತ್ರ ಇದೆ. ನೂರು ವರ್ಷದ ಹಿಂದೆ ಎಂಜಿನ್ ಮುಂದೆ, ಪೆಟ್ರೋಲ್ ಹಿಂದೆ ಇತ್ತು. ಈಗ ಹಳೆ ಗಾಡಿಗಳ ಪಾಲಿಗೆ ಉಲ್ಟಾ!

ಯಾಕೆ ಇಷ್ಟೆಲ್ಲ?

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ "ವಿ.ಎ." ಅಕ್ಷರಗಳ ವಿಶೇಷ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಷರತ್ತು ಏನೆಂದರೆ ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪದ್ಮಿನಿ ಎಂಬ ಹೆಸರಿನ ಮೊದಲ ಕಾರುಗಳು 2024ರಲ್ಲಿ ಐವತ್ತು ದಾಟಿದವು. ಎಂಜಿನ್ ಸತ್ತಿತೆಂದು ಯಾರದೋ ಮಾತಿಗೆ ಬೇರೆ ಕಾರಿನ ಎಂಜಿನ್ ಕೂರಿಸಿದವರ ಗಾಡಿಗಳು ಓಡುತ್ತಿವೆ, ಆದರೆ ಈ ಸಾಲಿನಲ್ಲಿ ನಿಲ್ಲುವುದು ಕಷ್ಟ.

ಆದ್ದರಿಂದ ನಿಮ್ಮ ಮನೆಯಲ್ಲಿ ಹಳೆಯ ಗಾಡಿ ಇದ್ದರೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ವರ್ಷಕ್ಕೊಂದು ಸಲ, ಅದೇ ಗೇಜಿನಿಂದ, ಅದೇ ಊರಿನಲ್ಲಿ ಅಳೆದು ತಾರೀಖು ಹಾಕಿ ನಾಲ್ಕು ಅಂಕಿ ಬರೆಯಿರಿ. ಒಂದು ದಿನದ ಅಂಕಿ ಏನೂ ಹೇಳದಿರಬಹುದು. ಹತ್ತು ವರ್ಷದ ಪಾಸ್‌ಬುಕ್ ಸುಳ್ಳು ಹೇಳುವುದಿಲ್ಲ. ಯಾರಾದರೂ "ಎಂಜಿನ್ ಖತಮ್" ಎಂದಾಗ, ಆ ಪುಸ್ತಕ ತೆರೆದು ಅವರ ಮುಂದೆ ಇಡಿ. ಆಮೇಲೆ ನಿಧಾನಕ್ಕೆ ಕೇಳಿ: "ಸ್ವಾಮಿ, ಈ ಗಾಡಿ ಹುಟ್ಟಿದಾಗ ಇದರ ದಮ್ಮು ಎಷ್ಟಿತ್ತು, ಗೊತ್ತೇ?"